ಹಾಡಿನ ಕಿಂಡಿಗಳು

ಬಹಳ ಬಹಳ ಹಿಂದೆ, ಬೆಟ್ಟಗಳು ಕೂತಲ್ಲೇ ಕೂರದೆ ಸಂಜೆಹೊತ್ತು ಸಮುದ್ರದ ತನಕ ನಡೆದುಹೋಗಿ ಕಾಲು ತೊಳೆದು ಬರುತ್ತಿದ್ದ ಕಾಲದಲ್ಲಿ, ಒಂದು ಹಾಡಿತ್ತಂತೆ. ಆ ಹಾಡಿನ ಮೈತುಂಬ ಕಿಂಡಿಗಳು. ದೊಡ್ಡವರು ಬಗ್ಗಿ ನೋಡಿದರೆ ಒಳಗೆ ಏನೂ ಇಲ್ಲ, ಬರೀ ಗಾಳಿ. ಮಕ್ಕಳು ಬಗ್ಗಿ ನೋಡಿದರೆ ಮಾತ್ರ ಒಳಗೆ ಅಡಗಿ ಕೂತಿದ್ದ ಯಾವನೋ ತುಂಟ ಹಲ್ಲು ಕಿರಿದು ಹೊರಗೆ ಹಾರಿ ಬೀಳುತ್ತಿದ್ದನಂತೆ.

ಇದು ನಮ್ಮಜ್ಜಿ ಹೇಳುವ ಕತೆ. ಅವಳ ಬಾಯಲ್ಲಿ ಬಹಳ ಬಹಳ ಹಿಂದೆ ಎಂದರೆ ಹೋದ ವರ್ಷದ ಜುಲೈ. ನಿನ್ನೆ ಕೋಳಿ ಕಳೆದುಹೋದದ್ದನ್ನೂ ಅವಳು ಹೀಗೇ ಶುರು ಮಾಡುವುದು. ಅವಳ ಮಡಿಲಲ್ಲಿ ಬೆಳೆದ ನನಗೂ ಆ ಚಾಳಿ ಅಂಟಿದೆ. ಪಾತ್ರೆ ತೊಳೆಯಲು ನಿಂತರೆ ನೊರೆಯಲ್ಲಿ ಒಂದು ಊರು ಕಾಣುತ್ತದೆ. ಆ ಊರಿನ ರಾಣಿಗೆ ಮುಂದೇನಾಯಿತೋ ಎಂದು ಯೋಚಿಸುತ್ತ ನಲ್ಲಿ ತೆರೆದೇ ಬಿಟ್ಟು ಬೈಸಿಕೊಳ್ಳುತ್ತೇನೆ. ಆದರೆ ಈ ಹಾಡು ಮಾತ್ರ ನಿಜವಾದದ್ದು. ಕಿಂಡಿಗಳೂ ನಿಜ.

ಜಮೈಕಾದ ಉತ್ತರ ಕರಾವಳಿಯಿಂದ ಬಸ್ಸು ಏದುಸಿರು ಬಿಡುತ್ತ ಹತ್ತಿ ಬಂದರೆ ಸಿಗುವ ಗಿನೆಪ್ ಗುಡ್ಡ ನಮ್ಮೂರು. ಚರ್ಚಿನ ಅಂಗಳದಲ್ಲಿ, ಪುಟ್ಟ ಹುಳಿಸಿಹಿ ಹಣ್ಣು ಬಿಡುವ ಹಳೆಯ ಗಿನೆಪ್ ಮರದ ಪಕ್ಕದ ಉದ್ದನೆಯ ಕೋಣೆಯಲ್ಲಿ ಅಜ್ಜಿಯ ಬೇಸಿಕ್ ಸ್ಕೂಲು. ದೊಡ್ಡ ಶಾಲೆಗೆ ಹೋಗುವ ಮೊದಲಿನ ಚಿಳ್ಳೆಪಿಳ್ಳೆಗಳೆಲ್ಲ ಅಲ್ಲಿ. ಊರಿಗೆಲ್ಲ ಅವಳು ಮಿಸ್ ಐಸಿ. ನಮ್ಮ ಪೊಲೀಸ್ ಠಾಣೆಯ ಸಾರ್ಜೆಂಟನ ಮೂಗನ್ನೂ ಒಂದು ಕಾಲದಲ್ಲಿ ಒರೆಸಿದವಳು, ಅದನ್ನು ಅವನ ಎದುರಿಗೇ ನಾಲ್ಕು ಜನರ ಮುಂದೆ ಹೇಳುವವಳು. ನಾನು ಅಯೋನಿ, ಅವಳ ಮೊಮ್ಮಗಳು. ಅದೇ ಶಾಲೆಯಲ್ಲಿ ಟೀಚರು.

ಪ್ರತಿ ಜುಲೈಯಲ್ಲಿ ದೊಡ್ಡ ಶಾಲೆಗೆ ಹೊರಟ ಮಕ್ಕಳಿಗೆ ಪದವಿ ಸಮಾರಂಭ. ಆರು ವರ್ಷದ ಪದವೀಧರರು. ಸ್ಯಾಟಿನ್ನಿನ ನಿಲುವಂಗಿ, ರಟ್ಟಿನ ಚೌಕ ಟೋಪಿ, ಕೈಯಲ್ಲಿ ರಿಬ್ಬನ್ ಕಟ್ಟಿದ ಸುರುಳಿ. ತಾಯಂದಿರು ಮದುವೆಗೆ ಹೊರಟವರ ಹಾಗೆ ಸಿಂಗರಿಸಿಕೊಂಡು ಬರುತ್ತಾರೆ. ಸುರುಳಿ ಕೊಟ್ಟಾದ ಮೇಲೆ ಅಜ್ಜಿಯದೇ ಒಂದು ಪದ್ಧತಿ ಇದೆ. ಹೊರಟ ಮಕ್ಕಳ ಜೊತೆ ಅವಳು ಕುಣಿಯಬೇಕು. ಕುಣಿಯುತ್ತ ಅಂಗಳದ ಗೇಟಿನ ತನಕ ಬಂದು ಅವರ ಕೈ ಬಿಡಬೇಕು. ಅಲ್ಲಿಂದಾಚೆ ಅವರು ಅವಳ ಮಕ್ಕಳಲ್ಲ, ಊರಿನ ಮಕ್ಕಳು. ಕುಣಿಸದೆ ಕಳಿಸುವುದೆಂದರೆ ಬೇಯದೆ ಹಿಟ್ಟು ಹಿಟ್ಟಾದ ಡಂಪ್ಲಿಂಗ್ ಕಡುಬು ಬಡಿಸಿದ ಹಾಗೆ ಎನ್ನುತ್ತಾಳೆ.

ಕುಣಿತಕ್ಕೆ ಹಾಡು ಹಾಕುವವನು ಡೆನ್ವಲ್, ನನ್ನ ದೊಡ್ಡಮ್ಮನ ಮಗ. ಅವನನ್ನೂ ಸಾಕಿದ್ದು ಅಜ್ಜಿಯೇ. ವಾರವೆಲ್ಲ ಮಿನಿಬಸ್ ಓಡಿಸಿ ಮಕ್ಕಳನ್ನು ಗುಡ್ಡಕ್ಕೆ ಹತ್ತಿಸುತ್ತಾನೆ. ಶನಿವಾರ ಬಂದರೆ ಬಯಲಿನ ಕುಣಿತಕ್ಕೆ ಬೀರುವಿನೆತ್ತರದ ಸ್ಪೀಕರ್ ಪೆಟ್ಟಿಗೆಗಳನ್ನು ಪೇರಿಸಿ, ಅವುಗಳ ಹಿಂದೆ ನಿಂತು ಹಾಡು ಆರಿಸುವ ಸೆಲೆಕ್ಟರ್ ಆಗುತ್ತಾನೆ. ಆಗ ಅವನ ನಡಿಗೆಯೇ ಬೇರೆ.

"ಡೆನ್, ಈ ಸಲ ಬಿಷಪ್ ಬರ್ತಿದಾರೆ ಕಣೋ. ಕ್ಲೀನ್ ಹಾಡು ಹಾಕು," ಎಂದು ಹೋದ ವರ್ಷ ಅವನಿಗೆ ಹೇಳಿದವಳು ನಾನೇ.

"ಅಷ್ಟೂ ಗೊತ್ತಾಗಲ್ವಾ ನಂಗೆ? ರೇಡಿಯೋದಲ್ಲಿ ಬರೋದನ್ನೇ ಹಾಕ್ತೀನಿ, ಸುಮ್ನಿರು."

ನಮ್ಮಲ್ಲಿ ಹಾಡುಗಾರರು ಒಂದೇ ಹಾಡನ್ನು ಎರಡು ಥರ ಮಾಡಿ ಬಿಡುತ್ತಾರೆ. ಕುಣಿತದ ಬಯಲಿಗೆ ಹಸಿ ಹಾಡು, ರೇಡಿಯೋಗೆ ತೊಳೆದ ಹಾಡು. ತೊಳೆದದ್ದರಲ್ಲಿ ಕೆಟ್ಟ ಮಾತು ಬರುವ ಜಾಗಕ್ಕೆ ದನಿ ನಿಂತುಬಿಡುತ್ತದೆ, ತಾಳ ಮಾತ್ರ ದಬದಬ ಬಡಿಯುತ್ತಿರುತ್ತದೆ. ಆ ವರ್ಷ ಇಡೀ ದ್ವೀಪ ಕುಣಿಯುತ್ತಿದ್ದದ್ದು ಕಿಂಗ್ ಟ್ಯಾಂಬ್ರಿನ್ ಎಂಬವನ ಒಂದು ಹಾಡಿಗೆ. ತಾನೆಂಥ ಗಂಡಸು, ಒಬ್ಬ ಹೆಂಗಸಿನ ಜೊತೆ ಏನೇನು ಮಾಡಬಲ್ಲೆ ಎಂದು ಅದರಲ್ಲಿ ಅವನು ಬಿಡಿಸಿ ಬಿಡಿಸಿ ಹೇಳುತ್ತಾನೆ. ಹಾಗಾಗಿ ತೊಳೆದಾದ ಮೇಲೆ ಉಳಿದದ್ದರಲ್ಲಿ ಹಾಡಿಗಿಂತ ಕಿಂಡಿಯೇ ಹೆಚ್ಚು.

ಹೋದ ಜುಲೈಯಲ್ಲಿ ಡೆನ್ವಲ್ ಆ ತೊಳೆದ ಹಾಡನ್ನು ಹಾಕಿದ. ಅಜ್ಜಿ ಹಳದಿ ಉಡುಪಿನಲ್ಲಿ ಎದ್ದು ನಿಂತು ಸೊಂಟಕ್ಕೆ ಕೈಯಿಟ್ಟಳು. ಬಿಷಪ್ಪರು ಮುಂದಿನ ಸಾಲಿನಲ್ಲಿ, ಮೊಣಕಾಲ ಮೇಲೆ ಆಡಿನ ಸಾರಿನ ತಟ್ಟೆ. ಪಕ್ಕದಲ್ಲಿ ನಮ್ಮ ಚರ್ಚಿನ ಪಾದ್ರಿ, ಪಾರ್ಸನ್ ಸ್ಟೆನೆಟ್. ಮೊದಲ ಸಾಲು ಮುಗಿಯಿತು, ಕಿಂಡಿ ಬಂತು, ದನಿ ನಿಂತಿತು. ಆ ನಿಶ್ಶಬ್ದಕ್ಕೆ ರಟ್ಟಿನ ಟೋಪಿಯ ಪದವೀಧರರೆಲ್ಲ ಒಟ್ಟಿಗೆ, ಒಂದೇ ಕೊರಳಿನಲ್ಲಿ, ಪ್ರಾರ್ಥನೆಗೂ ಎಂದೂ ತೋರಿಸದ ಶ್ರದ್ಧೆಯಿಂದ, ಆ ಮಾತನ್ನು ಕೂಗಿದರು.

ತೊಳೆದದ್ದನ್ನು ಮಾತ್ರ ಕೇಳಿದ್ದರೆ ಅವರಿಗೆ ಆ ಮಾತು ಎಲ್ಲಿಂದ ಗೊತ್ತಾಗಬೇಕು? ಡೆನ್ವಲ್‌ನ ಬಸ್ಸಿನಲ್ಲಿ ಹಸಿ ಹಾಡು ದಿನವೂ ಕೇಳಿ ಬಾಯಿಪಾಠವಾಗಿತ್ತು. ಕಿಂಡಿ ಬಂದಾಗಲೆಲ್ಲ ಕೂಗಿದರು. ಅಜ್ಜಿಯ ಕೈ ಸೊಂಟದಲ್ಲೇ ಉಳಿಯಿತು, ಕುಣಿತ ಶುರುವಾಗಲೇ ಇಲ್ಲ.

ಅಷ್ಟಕ್ಕೇ ನಿಂತಿದ್ದರೂ ಹೇಗೋ ಆಗುತ್ತಿತ್ತು. ಆದರೆ ನಮ್ಮಲ್ಲಿ ಹಾಡು ಹಿಡಿಸಿದರೆ ಜನ ಬೇಲಿಯ ತಗಡು ಬಡಿಯುತ್ತಾರೆ. ತಗಡು ಬಡಿದರೆ ಸೆಲೆಕ್ಟರ್ ಹಾಡನ್ನು ಹಿಂದಕ್ಕೆಳೆದು ಮೊದಲಿನಿಂದ ಹಾಕಬೇಕು. ಮಕ್ಕಳು ಓಡಿಹೋಗಿ ಅಂಗಳದ ತಗಡನ್ನು ಬಡಿದರು. "ಹಿಂದಕ್ಕೆ, ಹಿಂದಕ್ಕೆ" ಎಂದರು. ಡೆನ್ವಲ್‌ನ ಮುಖ ಬೆವರಿನಲ್ಲಿ ತೊಯ್ದಿತ್ತು, ತಲೆ ಬೇಡ ಬೇಡ ಎಂದು ಅಲ್ಲಾಡುತ್ತಿತ್ತು, ಕೈ ಮಾತ್ರ ತನ್ನ ಪಾಡಿಗೆ ತಾನು ಹೋಗಿ ಹಾಡನ್ನು ಹಿಂದಕ್ಕೆಳೆಯಿತು. ಬಿಷಪ್ಪರು ಎಲ್ಲವನ್ನೂ ಇನ್ನೊಂದು ಸಲ ಕೇಳಿದರು.

"ಕೈ ಕಣೇ, ಕೈ," ಎಂದು ಆಮೇಲೆ ಅವನು ನನ್ನ ಹತ್ತಿರ ಗೋಗರೆದ. "ತಗಡಿನ ಸದ್ದು ಕೇಳಿದ್ರೆ ಅದು ನನ್ ಮಾತ್ ಕೇಳಲ್ಲ."

ಪಾರ್ಸನ್ ಸ್ಟೆನೆಟ್ ಉದ್ದ ಕಾಲಿನ, ಮೆತ್ತನೆಯ ಮಾತಿನ ಮನುಷ್ಯ. ಕೂಗಾಡಲಿಲ್ಲ. "ಮಿಸ್ ಐಸಿ, ನೀವಂದ್ರೆ ನಂಗೆ ತುಂಬಾ ಗೌರವ. ಆದ್ರೆ ಇನ್ಮೇಲೆ ಈ ಅಂಗಳಕ್ಕೆ ಆ ಪೆಟ್ಟಿಗೆ ಬೇಡ. ನನ್ ಹೆಂಡತಿ ಆರ್ಗನ್ ನುಡಿಸ್ತಾಳೆ, ಮಕ್ಕಳು ಸಾಲಾಗಿ ನಡ್ಕೊಂಡ್ ಹೋಗ್ಲಿ," ಎಂದರು.

ಅಜ್ಜಿ ತಿರುಗಿ ಖಾಲಿ ತಟ್ಟೆಗಳನ್ನು ಆಯ್ದುಕೊಳ್ಳತೊಡಗಿದಳು. ಮಾತಿಗೆ ಮಾತು ಕೊಡದ ಅಜ್ಜಿಯನ್ನು ನಾನು ಕಂಡದ್ದು ಅದೇ ಮೊದಲು.

ಶಾಲೆ ಮತ್ತೆ ಶುರುವಾದ ಮೇಲೆ ಒಂದು ಮಧ್ಯಾಹ್ನ ನಾವಿಬ್ಬರೂ ಬುಲ್ಲಾ ಎಂಬ ಬೆಲ್ಲದ ರೊಟ್ಟಿ ತರಲು ಅಂಗಡಿಗೆ ಹೋಗಿದ್ದೆವು. ಅಂಗಡಿಯ ಮುಂದೆ ಡಾಮಿನೊ ಆಡುತ್ತ ಗಂಡಸರು ಕೂತಿದ್ದರು. ಅವರೆದುರಿಗೆ ನಮ್ಮ ಶನೋಯಾ, ಐದು ತುಂಬಿದ ಹುಡುಗಿ, ಜಡೆಗೆ ಬಣ್ಣದ ಮಣಿ ಕಟ್ಟಿಕೊಂಡವಳು, ಕಿಂಗ್ ಟ್ಯಾಂಬ್ರಿನ್‌ನ ಹಾಡು ಹೇಳುತ್ತಿದ್ದಳು. ಆ ಮಾತು ಬಂದಾಗ ಗಂಡಸರು ಮೇಜು ಬಡಿದು ನಕ್ಕರು. ಒಬ್ಬ ಅವಳಿಗೊಂದು ಪೆಪ್ಪರ್‌ಮಿಂಟು ಕೊಟ್ಟ. ಅವಳು ಅದನ್ನು ಬಾಯಿಗೆ ಹಾಕಿಕೊಂಡು, ಇನ್ನೊಂದಕ್ಕೆ ಕೈ ಚಾಚಿ, ಮತ್ತೆ ಅದೇ ಮಾತು ಹೇಳಿದಳು.

ಅಜ್ಜಿ ನೇರ ಮೇಜಿನ ಹತ್ತಿರ ಹೋದಳು. ನಗು ನಿಂತಿತು. "ನಿಮ್ಮೆಲ್ಲರ ಚಡ್ಡಿ ಒದ್ದೆ ಆದಾಗ ಬದಲಾಯಿಸ್ದೋಳು ನಾನು," ಎಂದಳು. "ಇವತ್ತು ಇನ್ನೂ ಯಾರ್ದು ಒದ್ದೆ ಆಗಿದೆ, ಹೇಳಿ." ಶನೋಯಾಳ ಕೈಹಿಡಿದು ಮನೆಗೆ ಬಿಟ್ಟು ಬಂದೆವು.

ದಾರಿಯಲ್ಲಿ ಅಜ್ಜಿ ಹೇಳಿದಳು. "ಮಗೂಗೆ ಆ ಮಾತಿನ ಅರ್ಥ ಗೊತ್ತಿಲ್ಲ. ಆದ್ರೆ ಯಾವ್ ಮಾತಿಗೆ ಪೆಪ್ಪರ್‌ಮಿಂಟ್ ಸಿಗತ್ತೆ ಅಂತ ಗೊತ್ತಾಗೋಯ್ತು ನೋಡು." ಸ್ವಲ್ಪ ದೂರ ಹೋದ ಮೇಲೆ ಮತ್ತೆ, "ಮೊಣಕಾಲು ಸೋತಿದೆ, ಅಯೋನಿ. ಬರೋ ಜುಲೈ ಆದ್ಮೇಲೆ ಶಾಲೆ ನಿಂದು. ನಾನ್ ಕಳಿಸೋ ಕಡೇ ಮಕ್ಕಳು ಇವರೇ. ಆರ್ಗನ್‌ಗೆ ಕುಣಿಯಕ್ಕಾಗತ್ತಾ ಹೇಳು? ಅದನ್ನ ಹೆಣ ಎತ್ತೋ ಹಾಗೆ ನುಡಿಸ್ತಾಳೆ ಆಕೆ."

"ನೀನ್ ಕುಣೀತೀಯ ಗ್ರ್ಯಾನಿ," ಎಂದುಬಿಟ್ಟೆ. "ಪಾರ್ಸನ್ ಕಿವಿಗೆ ಬಾಯಿಟ್ಟು ಮಕ್ಕಳು ಕೂಗಿದ್ರೂ ತಪ್ಪಿಲ್ಲ ಅನ್ನೋ ಅಂಥ ಹಾಡು ಮಾಡ್ಸಿ ಕೊಡ್ತೀನಿ."

"ಮಾತು ಕೊಟ್ಟೆ ತಾನೇ?"

"ಕೊಟ್ಟೆ."

"ನೊರೆ ನೋಡ್ತಾ ನಿಂತ್ಕೋಬೇಡ ಮತ್ತೆ."

ಮೊದಲು ಹೋಗಿದ್ದು ಪಾರ್ಸನ್ ಹತ್ತಿರ. ಅವರು ಬಹಳ ಹೊತ್ತು ಗಲ್ಲ ಉಜ್ಜಿಕೊಂಡು, "ಒಂದೇ ಹಾಡು. ನಾನು ಪ್ಲಗ್ ಹತ್ರಾನೇ ನಿಂತಿರ್ತೀನಿ. ಒಂದು ಮಾತು ಜಾರಿದ್ರೂ ಕಿತ್ತು ಹಾಕ್ತೀನಿ, ಆಮೇಲೆ ಆರ್ಗನ್ನೇ," ಎಂದರು. ಅಷ್ಟು ಸಿಕ್ಕಿದ್ದೇ ದೊಡ್ಡದು.

ಡೆನ್ವಲ್‌ನ ಜೊತೆ ಜಗಳವೇ ಆಯಿತು.

"ಬೆಳಗ್ಗೆ ಬಸ್ಸಲ್ಲಿ ಹಸಿ ಹಾಡು ನಿಲ್ಸು, ಡೆನ್."

"ನಿಲ್ಸಿದ್ರೆ ಹೈಸ್ಕೂಲ್ ಹುಡುಗ್ರು ಹತ್ತಲ್ಲ. ಅವ್ರು ಬಸ್ ನೋಡಿ ಹತ್ತೋದಲ್ಲ ಕಣೇ, ಹಾಡು ಕೇಳಿ ಹತ್ತೋದು. ಹಿಂದೆ ಬರೋ ಬಸ್ಸೋನು ಇನ್ನೂ ಜೋರಾಗಿ ಹಾಕ್ತಾನೆ."

"ಶನೋಯಾ ನಿನ್ನ ಬಸ್ಸಲ್ಲೇ ಕಲ್ತಿದ್ದು. ಅಂಗಡಿ ಮುಂದೆ ಏನಾಯ್ತು ಅಂತ ಗ್ರ್ಯಾನಿ ಹೇಳಿದಾಳಲ್ಲ."

ಅವನು ಸ್ಟೀರಿಂಗನ್ನು ಎರಡೆರಡು ಸಲ ಒರೆಸಿದ. ಆಮೇಲೆ, "ಕಿಂಡಿ ಮುಚ್ಚಿದ್ರಾಯ್ತು ತಾನೇ? ನನ್ ಹತ್ರ ಒಂದು ಉಪಾಯ ಇದೆ," ಎಂದ.

ಅವನ ಉಪಾಯ ಆಡು. ಕಿಂಡಿಗಳಲ್ಲೆಲ್ಲ ತನ್ನ ಆಡಿನ ಕೂಗನ್ನು ರೆಕಾರ್ಡ್ ಮಾಡಿ ತುಂಬಿದ. ಮರುದಿನ ಬಸ್ಸಿಳಿದ ಮಕ್ಕಳು ಹಾಡುತ್ತ ಬಂದರು: ಮೊದಲು ಆಡಿನ ಹಾಗೆ ಮ್ಯಾ ಎನ್ನುವುದು, ಹಿಂದೆಯೇ ಆ ಮಾತು ಹೇಳುವುದು. ಒಡೇನ್ ಎಂಬ ಹುಡುಗ ಬಂದು, "ಟೀಚರ್, ಆಡಿಗೂ ಆ ಮಾತು ಬರತ್ತಾ?" ಎಂದು ಕೇಳಿದ. ಮಧ್ಯಾಹ್ನದ ಹೊತ್ತಿಗೆ ಅವರು ಚರ್ಚಿನ ಹಿಂದೆ ಮೇಯುತ್ತಿದ್ದ ಪಾರ್ಸನ್ನರ ಆಡಿಗೇ ಅದನ್ನು ಕಲಿಸಲು ಕೂತಿದ್ದರು.

ಆಮೇಲೆ ನನ್ನ ಸರದಿ. ನಾನೇ ಒಂದು ಹಾಡು ಬರೆದೆ. ಅದರಲ್ಲಿ ಚಿಟ್ಟೆ ಇತ್ತು, ಕಾಮನಬಿಲ್ಲು ಇತ್ತು, ಒಳ್ಳೆಯ ಮಕ್ಕಳ ಮನಸ್ಸು ಸಮುದ್ರದ ಹಾಗೆ ನಿರ್ಮಲ ಎಂಬ ಮಾತಿತ್ತು. ಒಂದೇ ಒಂದು ಕಿಂಡಿ ಇರಲಿಲ್ಲ. ಉಸಿರಾಡಲೂ ಜಾಗ ಬಿಡದೆ ಮಾತು ತುಂಬಿದ್ದೆ. ನಮ್ಮಲ್ಲಿ ತಾಳ ಯಾರೊಬ್ಬನ ಸೊತ್ತೂ ಅಲ್ಲ. ಒಂದು ತಾಳ ಹುಟ್ಟಿದರೆ ಹತ್ತು ಜನ ಅದರ ಮೇಲೆ ತಮ್ಮ ತಮ್ಮ ಮಾತು ಕೂರಿಸುತ್ತಾರೆ. ಹಾಗೆ ಕಿಂಗ್ ಟ್ಯಾಂಬ್ರಿನ್‌ನ ತಾಳದ ಮೇಲೇ ನನ್ನ ಚಿಟ್ಟೆಗಳನ್ನು ಕೂರಿಸಿ ಮಕ್ಕಳಿಗೆ ಕೇಳಿಸಿದೆ. ಅವರು ಕೈಕಟ್ಟಿಕೊಂಡು ಕೇಳಿದರು.

"ಹೇಗಿದೆ?" ಎಂದೆ.

"ಚೆನ್ನಾಗಿದೆ ಟೀಚರ್," ಎಂದಳು ಶನೋಯಾ, ನನ್ನನ್ನು ನೋಯಿಸಬಾರದೆಂದು. "ಹಲ್ಲುಜ್ಜೋವಾಗ ಹೇಳ್ಕೋಬೇಕಾ ಇದನ್ನ?"

ಡೆನ್ವಲ್ ಬಾಗಿಲ ಹಿಂದೆ ಬಗ್ಗಿ ನಕ್ಕ. ಮಕ್ಕಳು ಸಾಲಾಗಿ ಕೈ ತೊಳೆಯಲು ಹೋದರು, ಹೋಗುತ್ತ ಹೋಗುತ್ತ ಹಳೆಯ ಹಾಡನ್ನೇ ಹಾಡಿಕೊಂಡರು.

ಹೀಗೇ ತಿಂಗಳು ಕಳೆದವು. ಗಿನೆಪ್ ಮರ ಹೂ ಬಿಟ್ಟು ಕಾಯಿ ಕಟ್ಟಿತು. ಅಜ್ಜಿ ಕಿಟಕಿಯ ಬಳಿ ಕೂತು ಸ್ಯಾಟಿನ್ ಹೊಲಿಯುತ್ತಿದ್ದಳು, ಹಾಡಿನ ಸುದ್ದಿ ಎತ್ತುತ್ತಿರಲಿಲ್ಲ. ನನ್ನನ್ನು ನೋಡಿದಾಗ ಹಲ್ಲಿನಿಂದ ದಾರ ಕಡಿಯುತ್ತಿದ್ದಳು, ಅಷ್ಟೇ.

ಒಂದು ದಿನ ಊಟವಾದ ಮೇಲೆ ಅವಳು ಮಕ್ಕಳನ್ನು ಮರದ ಕೆಳಗೆ ಕೂರಿಸಿಕೊಂಡು ಕತೆ ಹೇಳುತ್ತಿದ್ದಳು. ನಾನು ಬಾಗಿಲಿಗೆ ಒರಗಿ ಕೇಳುತ್ತಿದ್ದೆ. ಕತೆಯಲ್ಲಿ ಒಬ್ಬ ಹುಲಿರಾಯ ಇದ್ದ, ಅವನ ಮನೆಯ ಗೆಣಸಿನ ಹೊಲ ಇತ್ತು, ದಿನವೂ ಗೆಣಸು ಕದಿಯುವ ಒಬ್ಬರಿದ್ದರು.

"ಹುಲಿರಾಯ ಬೇಲಿ ಸಂದೀಲಿ ಕಣ್ಣಿಟ್ಟು ನೋಡ್ತಾನೆ. ಬಾಲ ಕಾಣ್ತು. ಕಿವಿ ಕಾಣ್ತು. ಗೆಣಸು ಕದ್ದೋರು ಯಾರಪ್ಪಾ ಅಂದ್ರೆ..." ಎಂದು ಅಜ್ಜಿ ನಿಲ್ಲಿಸಿದಳು. ಬಾಯಿ ಮುಚ್ಚಿ, ಹುಬ್ಬೇರಿಸಿ, ಮಕ್ಕಳ ಕಡೆ ನೋಡಿದಳು.

"ಹೆಗ್ಗಣ," ಎಂದು ಎಲ್ಲರೂ ಕಿರುಚಿದರು. ಮರದಿಂದ ಹಕ್ಕಿಗಳು ಹಾರಿದವು.

"ಹೆಗ್ಗಣನಾ? ಅಲ್ವಲ್ಲ. ಗೆಣಸು ಕದ್ದೋರು..." ಮತ್ತೆ ನಿಲ್ಲಿಸಿದಳು. ಶನೋಯಾ ಮೊಣಕಾಲ ಮೇಲೆ ಎದ್ದು ನಿಂತಿದ್ದಳು. ಬಾಯಿ ಅರ್ಧ ತೆರೆದು, ಕಣ್ಣು ಹೊಳೆದು, ಜಡೆಯ ಮಣಿಗಳು ನಡುಗುತ್ತ, ಆ ನಿಶ್ಶಬ್ದ ಇನ್ನೂ ಸ್ವಲ್ಪ ಇರಲಿ ಎಂಬಂತೆ ತಡೆದು ತಡೆದು, "ಹುಲಿರಾಯನ ಹೆಂಡತೀ" ಎಂದು ಕೂಗಿದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು.

ಆ ಮುಖವನ್ನು ನಾನು ಮೊದಲು ನೋಡಿದ್ದೆ. ಹೋದ ಜುಲೈಯಲ್ಲಿ, ಬಿಷಪ್ಪರೆದುರು, ಹಾಡು ನಿಂತ ಗಳಿಗೆಯಲ್ಲಿ, ಪದವೀಧರರೆಲ್ಲರ ಮುಖ ಹೀಗೇ ಇತ್ತು.

"ಗ್ರ್ಯಾನಿ," ಎಂದೆ, ಮಕ್ಕಳು ಮಧ್ಯಾಹ್ನದ ನಿದ್ದೆಗೆ ಮಲಗಿದ ಮೇಲೆ. "ಅವ್ರಿಗೆ ಬೇಕಾಗಿರೋದು ಆ ಮಾತಲ್ಲ. ಆ ಜಾಗ."

ಅಜ್ಜಿ ಕನ್ನಡಕದ ಮೇಲಿಂದ ನೋಡಿದಳು. "ನಿಂಗೆ ಇಷ್ಟು ವರ್ಷ ಕತೆ ಹೇಳಿದ್ದು ಪೂರ್ತಿ ದಂಡ ಆಗ್ಲಿಲ್ಲ ಹಾಗಾದ್ರೆ. ಒಬ್ರು ಬಾಗ್ಲು ಮುಚ್ಚಕ್ಕೆ ಹೋದ್ರಿ, ಒಬ್ರು ಬಾಗ್ಲಲ್ಲಿ ಆಡು ಕಟ್ಟಿದ್ರಿ. ಬಾಗ್ಲು ತೆಗೆದ್ರೆ ಮಕ್ಕಳು ನುಗ್ದೆ ಇರ್ತಾವಾ? ಒಳಗೆ ಏನಿಟ್ಟಿದೀವಿ ಅನ್ನೋದನ್ನ ನೋಡ್ಕೋಬೇಕು."

"ಮೊದ್ಲೇ ಹೇಳ್ಬಾರ್ದಿತ್ತಾ?"

"ಮಾತು ಕೊಟ್ಟೋಳು ನೀನು. ನಾನ್ಯಾಕೆ ಹೇಳ್ಲಿ?"

ಅಂದೇ ಸಂಜೆ ಡೆನ್ವಲ್‌ನ ಮನೆಗೆ ಓಡಿದೆ. ಹೊರಗಿನ ಸದ್ದು ಬಾರದಂತೆ ಅವನ ಕೋಣೆಯ ಗೋಡೆಗೆಲ್ಲ ಹಾಸಿಗೆ ಒರಗಿಸಿ ಮೈಕು ಇಟ್ಟಿದ್ದಾನೆ. ತಾಳ ಅದೇ, ಕಿಂಡಿಗಳು ಎಲ್ಲಿದ್ದವೋ ಅಲ್ಲೇ. ಕಿಂಡಿಗೆ ಮೊದಲು ಒಂದೊಂದು ಪ್ರಶ್ನೆ ಮಾತ್ರ ಬರೆದೆ.

ಗುಡ್ಡ ಹತ್ತಿ ಬಂದೋರ್ಯಾರು?
ಗಿನೆಪ್ ಕದ್ದು ತಿಂದೋರ್ಯಾರು?
ಪುಟ್ಟ ಬೆಂಚು ಬಿಟ್ಟು ಈಗ
ದೊಡ್ಡ ಶಾಲೆಗೆ ಹೊಂಟೋರ್ಯಾರು?

ಡೆನ್ವಲ್ ಓದಿ ತಲೆ ಕೆರೆದುಕೊಂಡ. "ಉತ್ರ ಎಲ್ಲಿ?"

"ಮಕ್ಕಳ ಹೆಸರು. ಒಂದೊಂದು ಕಿಂಡಿಗೆ ಒಂದೊಂದು ಮಗು. ಪೂರ್ತಿ ಹೆಸರು, ಅಪ್ಪ ಅಮ್ಮ ಇಟ್ಟಿದ್ದಷ್ಟೂ."

ಅವನು ಸ್ವಲ್ಪ ಹೊತ್ತು ತಾಳ ಹಾಕಿ ಕೇಳಿದ. ತುಟಿಯ ಮೇಲೆ ನಗು ಹರಡಿತು. "ಹಾಡೋದ್ಯಾರು ಇದನ್ನ? ನಿನ್ ಗಂಟ್ಲಲ್ಲಿ ಬೇಡ, ಚಿಟ್ಟೆ ನೆನಪಾಗತ್ತೆ."

ಹಾಡಿದ್ದು ಅಜ್ಜಿ. ಮೊದಲು ಬೈದಳು, ಆಮೇಲೆ ಉಪ್ಪುನೀರು ಮುಕ್ಕಳಿಸಿ ಬಂದಳು. ಮೈಕಿನ ಮುಂದೆ ಕುರ್ಚಿ ಹಾಕಿ ಕೂರಿಸಿದೆವು. ಒಡಕು ದನಿ, ಕತೆ ಹೇಳುವಾಗಿನ ಅದೇ ಗತ್ತು. ಪ್ರಶ್ನೆ ಕೇಳಿ ನಿಲ್ಲಿಸುವುದನ್ನು ಅವಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಮುಗಿದ ಮೇಲೆ ಡೆನ್ವಲ್ ತಾನೇ ಗೋಡೆ ಬಡಿದ. "ಗ್ರ್ಯಾನಿ, ಕಿಂಗ್ ಟ್ಯಾಂಬ್ರಿನ್ ಮನೆಗ್ ಹೋಗ್ಲಿ," ಎಂದ.

"ಹೋಗೋ, ಹೋಗಿ ಬಸ್ ತೊಳಿ," ಎಂದಳು ಅಜ್ಜಿ. ಆದರೆ ಮನೆಗೆ ಹೋಗುವಾಗ ಅದನ್ನೇ ಗುನುಗುತ್ತಿದ್ದಳು.

ಅವಳು ಹೋದ ಮೇಲೆ ನಾನು ಕೊನೆಯಲ್ಲಿ ಇನ್ನೂ ಒಂದು ಸಾಲು ಸೇರಿಸಿದೆ. ಅದನ್ನು ಮಾತ್ರ ನನ್ನ ದನಿಯಲ್ಲೇ ಹೇಳಿದೆ. ಡೆನ್ವಲ್ ಬೇಡವೆನ್ನಲಿಲ್ಲ.

ಬೆಳಗಿನ ಬಸ್ಸಿನಲ್ಲಿ ಈಗ ಅಜ್ಜಿಯ ಹಾಡು, ಆ ಕೊನೆಯ ಸಾಲೊಂದನ್ನು ಬಿಟ್ಟು. ಮೊದಲ ದಿನ ಹೈಸ್ಕೂಲಿನವರು ಗೊಣಗಿದರು. "ಏನಿದು ಡ್ರೈವರ್, ಬಸ್ಸಲ್ಲಿ ಹಾಜರಿ ಕೂಗ್ತೀಯಾ?" ಎಂದು ಒಬ್ಬ ಹುಡುಗ ರೇಗಿಸಿದ. ಪುಟ್ಟವರು ಸರದಿಯ ಮೇಲೆ ತಮ್ಮ ಹೆಸರು ಕೂಗುತ್ತ, ಕೂಗಿದ ಮೇಲೆ ಗೆದ್ದವರ ಹಾಗೆ ಸುತ್ತ ನೋಡುತ್ತ ಕೂತಿದ್ದರು. ಕೆಲವು ದಿನ ಕಳೆಯಿತು. ಅದೇ ಹುಡುಗ ಒಂದು ಬೆಳಗ್ಗೆ, ಯಾರೂ ಕೇಳಿಸಿಕೊಳ್ಳುತ್ತಿಲ್ಲ ಎಂದುಕೊಂಡು, ಒಂದು ಕಿಂಡಿಯೊಳಗೆ ತನ್ನ ಹೆಸರನ್ನೂ ಮೆಲ್ಲಗೆ ಹಾಕಿದನಂತೆ. ಇಡೀ ಬಸ್ಸು ತಗಡು ಬಡಿಯಿತಂತೆ. ಹಿಂದೆ ಬರುವ ಬಸ್ಸಿನವನು ತನಗೂ ಒಂದು ಹಾಡು ಬೇಕೆಂದು ಡೆನ್ವಲ್‌ನನ್ನು ಕೇಳಿದ. ಕೊಡುವುದೋ ಬೇಡವೋ ಎಂದು ಇವನು ಇನ್ನೂ ಮೀಸೆ ತಿರುವುತ್ತಿದ್ದಾನೆ.

ಜುಲೈ ಬಂತು. ಅಂಗಳದಲ್ಲಿ ಆಡಿನ ಸಾರು ಕುದಿಯಿತು. ತಾಯಂದಿರ ಟೋಪಿಗಳು ಒಂದಕ್ಕಿಂತ ಒಂದು ಅಗಲ. ಬಿಷಪ್ಪರು ಈ ಸಲ ಬರಲಿಲ್ಲ, ಆಶೀರ್ವಾದ ಮಾತ್ರ ಕಳಿಸಿದ್ದರು. ಪಾರ್ಸನ್ ಸ್ಟೆನೆಟ್ ಹೇಳಿದ ಮಾತಿಗೆ ತಪ್ಪದೆ ಗೋಡೆಯ ಪ್ಲಗ್ಗಿನ ಪಕ್ಕ ಕುರ್ಚಿ ಹಾಕಿಕೊಂಡು, ಬೆರಳುಗಳನ್ನು ವೈರಿನ ಮೇಲಿಟ್ಟು ಕೂತಿದ್ದರು. ಅವರ ಹೆಂಡತಿ ಆರ್ಗನ್ನಿನ ಮುಂದೆ ಸಿದ್ಧ. ಅಜ್ಜಿ ಅದೇ ಹಳದಿ ಉಡುಪಿನಲ್ಲಿ ಕೋಲು ಹಿಡಿದು ನಿಂತಿದ್ದಳು. ನನ್ನ ಕಡೆ ಒಮ್ಮೆ ನೋಡಿದಳು. ಈ ಸಲ ಹಾಡಿನ ನಡುವೆಯೇ ಕೊಡಬೇಕಿದ್ದ ಸುರುಳಿಗಳನ್ನು ನಾನು ಮತ್ತೊಮ್ಮೆ ಎಣಿಸಿದೆ.

ಡೆನ್ವಲ್ ತಾಳ ಬಿಟ್ಟ. ಅದೇ ತಾಳ ಎಂದು ತಿಳಿದೊಡನೆ ತಾಯಂದಿರು ಒಬ್ಬರ ಮುಖ ಒಬ್ಬರು ನೋಡಿದರು. ಪಾರ್ಸನ್ನರ ಬೆರಳು ವೈರಿನ ಮೇಲೆ ಬಿಗಿಯಾಯಿತು.

ಗುಡ್ಡ ಹತ್ತಿ ಬಂದೋರ್ಯಾರು, ಎಂದು ಪೆಟ್ಟಿಗೆಯೊಳಗಿಂದ ಅಜ್ಜಿ ಕೇಳಿದಳು. ದನಿ ನಿಂತಿತು.

ಸಾಲಿನ ಮೊದಲಿಗೆ ಇದ್ದವಳು ಶನೋಯಾ. ಒಂದು ಹೆಜ್ಜೆ ಮುಂದೆ ಬಂದಳು. ಬಾಯಿ ಅರ್ಧ ತೆರೆದಳು, ಕಣ್ಣು ಹೊಳೆಯಿತು, ಮಣಿಗಳು ನಡುಗಿದವು. ಜನರ ನಡುವೆ ಡಾಮಿನೊ ಮೇಜಿನ ಗಂಡಸರೂ ಇದ್ದರು, ಪೆಪ್ಪರ್‌ಮಿಂಟು ಕೊಟ್ಟವನೂ ಇದ್ದ. ಅವಳು ಅವನನ್ನು ನೋಡಿದಳು. ತಾಳ ಬಡಿಯುತ್ತಲೇ ಇತ್ತು. ಪ್ಲಗ್ಗು ಗೋಡೆಯಿಂದ ಸ್ವಲ್ಪ ಜರುಗಿದ ಸದ್ದು ನನಗೆ ಕೇಳಿಸಿತು.

"ಶನೋಯಾ ಅಲಿಶಾ ಮರ್ಸಿಡಿಸ್ ಗೇಯ್ಲ್," ಎಂದು ಅವಳು ಕೂಗಿದಳು.

ಗುಡ್ಡದಾಚೆಯಿಂದ ಅದು ಮಾರ್ದನಿಯಾಗಿ ಬಂತು. ಅವಳಮ್ಮ ಎರಡೂ ಕೈಗಳಿಂದ ಟೋಪಿ ಹಿಡಿದುಕೊಂಡು ಎದ್ದು ನಿಂತುಬಿಟ್ಟಳು. ಪೆಪ್ಪರ್‌ಮಿಂಟಿನವನು ಮೊದಲು ತಲೆ ತಗ್ಗಿಸಿದ, ಆಮೇಲೆ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ. ಶನೋಯಾ ನನ್ನ ಕೈಯಿಂದ ಸುರುಳಿ ಕಿತ್ತುಕೊಂಡು ಅಜ್ಜಿಯ ಪಕ್ಕ ಹೋಗಿ ನಿಂತಳು. ಮುಂದಿನ ಕಿಂಡಿಗೆ ಒಡೇನ್. ಅವನ ನಾಲ್ಕು ಹೆಸರುಗಳಲ್ಲಿ ಒಂದು ಮರೆತುಹೋಗಿ, ತಾಳ ಮುಗಿಯುವುದರೊಳಗೆ ನೆನಪಾಗಿ, ಉಸಿರು ಕಟ್ಟಿ ಎಲ್ಲವನ್ನೂ ಒಟ್ಟಿಗೆ ಉಗುಳಿದ. ಹೀಗೆ ಒಬ್ಬೊಬ್ಬರು ಬಂದರು. ಮಾತೇ ಆಡದ ಒಂದು ಮಗು ಇತ್ತು. ಅದು ಪಿಸುಗುಟ್ಟಿತು, ಉಳಿದವರೆಲ್ಲ ಸೇರಿ ಅದರ ಹೆಸರನ್ನು ಕೂಗಿ ಹೇಳಿದರು. ಪಾರ್ಸನ್ನರ ಕೈ ಯಾವಾಗ ವೈರನ್ನು ಬಿಟ್ಟಿತೋ ಗೊತ್ತಾಗಲಿಲ್ಲ. ಅವರ ಉದ್ದನೆಯ ಪಾದ ನೆಲವನ್ನು ಬಡಿಯುತ್ತಿತ್ತು.

ಸಾಲು ಮುಗಿಯಿತು. ಹಾಡೂ ಮುಗಿಯಿತು ಎಂದುಕೊಂಡು ಅಜ್ಜಿ ಕೋಲು ಒರಗಿಸಿ ಮಕ್ಕಳ ಕೈ ಹಿಡಿಯಲು ಹೊರಟಳು. ಆಗ ಪೆಟ್ಟಿಗೆಯೊಳಗಿಂದ ನನ್ನ ದನಿ ಬಂತು.

ಇಷ್ಟೂ ಮಕ್ಕಳ ಕೈಯ ಹಿಡಿದು ಗೇಟಿನ ತನಕ ಬಿಟ್ಟೋರ್ಯಾರು?

ಅಜ್ಜಿ ತಿರುಗಿ ನೋಡಿದಳು. ಕಿಂಡಿ ತೆರೆದುಕೊಂಡಿತು.

ಮಕ್ಕಳಿಗೆ ಅವಳು ಮಿಸ್ ಐಸಿ, ಅಷ್ಟೇ. ಊರಲ್ಲಿ ಅರ್ಧ ಜನಕ್ಕೆ ಅವಳ ಹೆಸರು ಗೊತ್ತಿಲ್ಲ. ಅವಳು ಮಲಗಿದ್ದ ಮಧ್ಯಾಹ್ನಗಳಲ್ಲಿ, ಮರದ ಹಿಂದೆ ಗುಟ್ಟಾಗಿ, ಪಿಸುಮಾತಿನಲ್ಲಿ ಕಲಿಸಿದ್ದೆ. ಮಕ್ಕಳು ಗುಟ್ಟು ಬಿಟ್ಟುಕೊಟ್ಟಿರಲಿಲ್ಲ.

"ಐಸಿಲ್ಡಾ ಮರಾಯಾ ಫುಲರ್ಟನ್," ಎಂದು ಪದವೀಧರರೆಲ್ಲ ಒಂದೇ ಕೊರಳಿನಲ್ಲಿ ಕೂಗಿದರು. ಹೋದ ವರ್ಷದವರಿಗಿಂತ ಜೋರಾಗಿ.

ಅಜ್ಜಿ ಅಲ್ಲಾಡಲಿಲ್ಲ. ಅವಳ ಬಾಯಿ ಅರ್ಧ ತೆರೆದಿತ್ತು. ಅವಳಿಗೂ ಅದೇ ಮುಖ ಎಂದು ಆಗ ನನಗೆ ಕಂಡಿತು. ತಾಳ ಸುಮ್ಮನಾಯಿತು. ಹಾಡು ನಿಜವಾಗಿಯೂ ಮುಗಿದುಹೋಗಿತ್ತು, ಅವಳು ಇನ್ನೂ ಒಂದು ಹೆಜ್ಜೆಯೂ ಕುಣಿದಿರಲಿಲ್ಲ. ಪಾರ್ಸನ್ ಕೊಟ್ಟದ್ದು ಒಂದೇ ಹಾಡು.

ಆಗ ತಗಡಿನ ಸದ್ದು ಕೇಳಿಸಿತು. ಮಕ್ಕಳೆಂದುಕೊಂಡು ತಿರುಗಿದೆ. ಮಕ್ಕಳಲ್ಲ. ಪಾರ್ಸನ್ ಸ್ಟೆನೆಟ್ ಕುರ್ಚಿಯಿಂದೆದ್ದು ಬೇಲಿಯ ಹತ್ತಿರ ಹೋಗಿ, ಅಂಗೈ ಬಿಚ್ಚಿ ತಗಡು ಬಡಿಯುತ್ತಿದ್ದರು, ತಾಳ ತಪ್ಪದೆ, ಶನಿವಾರದ ಬಯಲನ್ನು ಚೆನ್ನಾಗಿ ಬಲ್ಲ ಮನುಷ್ಯನ ಹಾಗೆ. ಡೆನ್ವಲ್ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದ. ಒಂದು ವರ್ಷದಿಂದ ಕೈಗೆ ಬುದ್ಧಿ ಕಲಿಸಿದ್ದ ಪಾಪ.

"ಏನ್ ನೋಡ್ತಾ ನಿಂತಿದೀಯೋ?" ಎಂದರು ಪಾರ್ಸನ್. "ಹಿಂದಕ್ಕೆ ತಗೋ."

ತಾಳ ಮತ್ತೆ ಮೊದಲಿನಿಂದ ಬಂತು. ಅಜ್ಜಿ ಸೊಂಟಕ್ಕೆ ಕೈಯಿಟ್ಟಳು. ಸೋತ ಮೊಣಕಾಲನ್ನು ಸ್ವಲ್ಪ ಬಗ್ಗಿಸಿ, ಇನ್ನೊಂದರ ಮೇಲೆ ತೂಗಿ, ಭುಜ ಕುಣಿಸುತ್ತ ಹೊರಟಳು. ಹಿಂದೆ ಸ್ಯಾಟಿನ್ನಿನ ಸಾಲು. ಒಂದೊಂದು ಕಿಂಡಿಯಲ್ಲಿ ಒಂದೊಂದು ಹೆಸರು ಹಾರಿ ಬಿತ್ತು. ಈ ಸಲ ತಾಯಂದಿರೂ ಕೂಗಿದರು, ಸಾರ್ಜೆಂಟು ಕೂಗಿದ, ಆರ್ಗನ್ನಿನಾಕೆಯೂ ಎದ್ದು ಬಂದು ತನ್ನ ಹೆಸರನ್ನು ಒಂದು ಕಿಂಡಿಗೆ ಹಾಕಿ ನಾಚಿಕೊಂಡರು. ಪಾರ್ಸನ್ನರ ಆಡು ಚರ್ಚಿನ ಹಿಂದಿನಿಂದ ಏನೋ ಹೇಳಿತು. ಏನೆಂದು ಯಾರೂ ಕೇಳಿಸಿಕೊಳ್ಳಲಿಲ್ಲ.

ಗೇಟು ಬಂತು. ಪ್ರತಿ ವರ್ಷ ಅಜ್ಜಿ ಅಲ್ಲಿ ಮಕ್ಕಳ ಕೈ ಬಿಟ್ಟು, ಬೆವರು ಒರೆಸಿಕೊಂಡು, ಅಂಗಳಕ್ಕೆ ತಿರುಗಿ ಬರುತ್ತಾಳೆ. ಕೊನೆಯ ಕಿಂಡಿಯಲ್ಲಿ ಅವಳ ಹೆಸರು ಇನ್ನೊಂದು ಸಲ ಗುಡ್ಡ ಮುಟ್ಟಿ ಬಂತು. ಅಜ್ಜಿ ಕೈ ಬಿಡಲಿಲ್ಲ. ನನ್ನ ಕಡೆ ತಿರುಗಿ ಗಲ್ಲ ಎತ್ತಿ ತೋರಿಸಿದಳು, ಕೊಟ್ಟ ಮಾತು ಮುಟ್ಟಿತು ಎಂಬ ಹಾಗೆ. ಆಮೇಲೆ ಮಕ್ಕಳ ಜೊತೆ ಕುಣಿಯುತ್ತ ಕುಣಿಯುತ್ತ ತಾನೂ ಗೇಟು ದಾಟಿದಳು.